ಕಲ್ನಾರು ಕಾರ್ಖಾನೆಗಳಿಗೆ ಜಲಮಾಲಿನ್ಯ ನಿಯಮಗಳು ಎಷ್ಟು ಹೊರೆಯಾದವು?

ಸುಮಂಗಲಾ, ಧಾರವಾಡ

ನೀರಿನ ನಿಯಮಗಳೇ ಹಲವು ಕಾರ್ಖಾನೆಗಳ ಬಾಗಿಲು ಮುಚ್ಚಿಸಿವೆ ಎಂಬ ಮಾತು ಇಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಎಲ್ಲ ಉದ್ಯಮಗಳಿಗೂ ಅನ್ವಯಿಸಿ ಚರ್ಚಿಸಿದರೆ ಯಾವ ತೀರ್ಮಾನಕ್ಕೂ ಬರಲಾಗದು ಎಂದು ನನಗೆ ಅನಿಸಿರುವುದರಿಂದ, ಒಂದೇ ಉದ್ಯಮವನ್ನು ಎತ್ತಿಕೊಂಡು ಪರಿಶೀಲಿಸೋಣ ಎಂದು ಕೋರುತ್ತೇನೆ. ನಾನು ಆರಿಸಿಕೊಂಡಿರುವುದು 1970ರ ದಶಕದಲ್ಲಿ ಅಮೆರಿಕದಲ್ಲಿದ್ದ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಉತ್ಪನ್ನಗಳ ಉದ್ಯಮ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಖರ್ಚು ವಿಪರೀತವಾಗುತ್ತದೆ ಎಂಬ ಕಾರಣಕ್ಕೆ ಅಧ್ಯಕ್ಷ ರಿಚರ್ಡ್ ನಿಕ್ಸನ್ ತಡೆಹಿಡಿದಿದ್ದ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ ತಿದ್ದುಪಡಿಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ 1972ರ ಅಕ್ಟೋಬರ್ 18ರಂದು ಅವರ ವೀಟೋವನ್ನು ಮೀರಿ ಕಾನೂನಾಗಿಸಿತು. ಅದರ ಪ್ರಕಾರ ಪರಿಸರ ಸಂರಕ್ಷಣಾ ಸಂಸ್ಥೆಯು ಒಂದೊಂದು ಉದ್ಯಮಕ್ಕೂ ಪ್ರತ್ಯೇಕವಾದ ತ್ಯಾಜ್ಯನೀರಿನ ಮಿತಿಗಳನ್ನು ನಿಗದಿಪಡಿಸಬೇಕಿತ್ತು. ಕಲ್ನಾರು ಉದ್ಯಮದ ಮೊದಲ ಕಂತಿನ ನಿಯಮಗಳು 1974ರ ಫೆಬ್ರುವರಿಯಲ್ಲಿ ಬಂದವು. ಸಿಮೆಂಟ್ ಕೊಳವೆ, ಸಿಮೆಂಟ್ ಶೀಟು, ಎರಡು ಬಗೆಯ ಕಾಗದ, ಮಿಲ್‌ಬೋರ್ಡ್ ಎಂಬ ದಪ್ಪ ರಟ್ಟು, ಚಾವಣಿ ಸಾಮಗ್ರಿ ಮತ್ತು ನೆಲಹಾಸಿನ ಟೈಲ್ಸ್ ಅದರ ವ್ಯಾಪ್ತಿಗೆ ಸೇರಿದ್ದವು. ಬಟ್ಟೆಗೆ ಲೇಪನ ಮಾಡುವ ಘಟಕಗಳು, ದ್ರಾವಕವನ್ನು ಮರಳಿ ಪಡೆಯುವ ಘಟಕಗಳು ಮತ್ತು ಧೂಳನ್ನು ನೀರಿನಲ್ಲಿ ಹಿಡಿಯುವ ವ್ಯವಸ್ಥೆಗಳಿಗೆ 1975ರ ಜನವರಿಯಲ್ಲಿ ಎರಡನೆಯ ಕಂತು ಬಂದಿತು. ಗಡುವುಗಳೂ ಎರಡು: 1977ರ ಜುಲೈ 1ರೊಳಗೆ ಸದ್ಯಕ್ಕೆ ರೂಢಿಯಲ್ಲಿರುವ ಉತ್ತಮ ತಂತ್ರಜ್ಞಾನ, 1983ರ ಜುಲೈ 1ರೊಳಗೆ ಲಭ್ಯವಿರುವುದರಲ್ಲೇ ಅತ್ಯುತ್ತಮ ತಂತ್ರಜ್ಞಾನ. ಎರಡನೆಯ ಹಂತದಲ್ಲಿ ಸಿಮೆಂಟ್ ಕೊಳವೆ ಮತ್ತು ಶೀಟಿನಂತಹ ಉಪವರ್ಗಗಳು ಉತ್ಪಾದನೆಯ ಕೊಳೆನೀರನ್ನು ಹೊರಗೆ ಬಿಡುವಂತೆಯೇ ಇರಲಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಿಯಮಗಳು ಕಲ್ನಾರು ಉದ್ಯಮವನ್ನು ಮುಳುಗಿಸಲಿಲ್ಲ. ನಿಯಮದ ಖರ್ಚನ್ನು ಲೆಕ್ಕಹಾಕುವಾಗ ಕಾರ್ಖಾನೆಯ ಗೇಟಿನವರೆಗೆ ಮಾತ್ರ ನೋಡಲಾಯಿತು, ಗೇಟಿನ ಆಚೆಗೆ ಹೋದ ಖರ್ಚನ್ನು ಯಾರ ಖಾತೆಗೂ ಬರೆಯಲಿಲ್ಲ. ಒಪ್ಪದವರು ದಯವಿಟ್ಟು ಆಧಾರಸಹಿತವಾಗಿ ಬರೆಯಿರಿ.

ಬಸವರಾಜ, ದಾವಣಗೆರೆ

ಸುಮಂಗಲಾ ಮೇಡಂ, ನಾನು ಒಪ್ಪುವುದಿಲ್ಲ. ನಾನು ಸಣ್ಣ ಕೈಗಾರಿಕೆಯೊಂದನ್ನು ನಡೆಸುವವನು. ಕಲ್ನಾರಿಗೂ ನನಗೂ ಸಂಬಂಧವಿಲ್ಲ, ಆದರೆ ತ್ಯಾಜ್ಯನೀರಿನ ಸಂಸ್ಕರಣೆಗೆ ಹಣ ಹೊಂದಿಸುವ ಕಷ್ಟವನ್ನು ಹತ್ತಿರದಿಂದ ಬಲ್ಲೆ. ಇಂತಹ ನಿಯಮಗಳಲ್ಲಿ ಎಲ್ಲರೂ ಸರಾಸರಿ ಖರ್ಚನ್ನು ನೋಡುತ್ತಾರೆ. ಉದ್ಯಮವೊಂದರ ಒಟ್ಟು ವಹಿವಾಟಿನಲ್ಲಿ ನೀರಿನ ಸಂಸ್ಕರಣೆಯ ಪಾಲು ಶೇಕಡಾ ಒಂದೋ ಎರಡೋ ಎಂದು ತೋರಿಸಿಬಿಟ್ಟರೆ ಹೊರೆ ಹಗುರವೆಂದು ಸಾಬೀತಾದಂತೆ ಕಾಣುತ್ತದೆ. ಆದರೆ ಕೊಳೆ ತಳದಲ್ಲಿ ಕೂರುವಂತೆ ನೀರನ್ನು ನಿಲ್ಲಿಸುವ ನೆಲೆಗೊಳಿಸುವ ತೊಟ್ಟಿ, ಪಂಪು, ಕೊಳವೆ, ಆಮ್ಲ ಬೆರೆಸುವ ಉಪಕರಣ ಇವುಗಳ ಬೆಲೆ ಉತ್ಪಾದನೆಯ ಪ್ರಮಾಣಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹತ್ತರಲ್ಲಿ ಒಂದು ಪಾಲು ಮಾಲು ತಯಾರಿಸುವ ಕಾರ್ಖಾನೆಗೆ ಹತ್ತರಲ್ಲಿ ಒಂದು ಪಾಲು ಬೆಲೆಯ ತೊಟ್ಟಿಯನ್ನು ಯಾರೂ ಕಟ್ಟಿಕೊಡುವುದಿಲ್ಲ, ಅದನ್ನು ನೋಡಿಕೊಳ್ಳುವ ಆಪರೇಟರನ ಸಂಬಳವೂ ಅಷ್ಟು ಪಾಲು ಕಡಿಮೆಯಾಗುವುದಿಲ್ಲ.

ಇನ್ನೊಂದು ಅಂಶ ನೀವು ಹೇಳಿದ ಎರಡು ಗಡುವುಗಳಲ್ಲಿಯೇ ಅಡಗಿದೆ. 1977ಕ್ಕೆಂದು ಸಾಲ ಮಾಡಿ ಘನಕಣಗಳನ್ನು ತಗ್ಗಿಸುವ ವ್ಯವಸ್ಥೆಯನ್ನು ಕಟ್ಟಿದವನಿಗೆ, ಆರು ವರ್ಷ ಕಳೆಯುವಷ್ಟರಲ್ಲಿ ನೀರನ್ನೇ ಹೊರಗೆ ಬಿಡಬೇಡ ಎಂದರೆ, ಮೊದಲ ಹೂಡಿಕೆಯ ಎಷ್ಟೋ ಭಾಗ ಗುಜರಿಗೆ ಹೋಗುತ್ತದೆ. ದೊಡ್ಡ ಕಂಪನಿ ಮೊದಲೇ ಅಂದಾಜು ಮಾಡಿ ಎರಡನೆಯ ಹಂತಕ್ಕೆ ನೇರವಾಗಿ ಜಿಗಿಯಬಲ್ಲದು, ಸಣ್ಣವನು ಗಡುವಿನಿಂದ ಗಡುವಿಗೆ ಬದುಕುತ್ತಾನೆ. ಮೇಲಾಗಿ ಆಗ ಕೊಳವೆಯ ಮಾರುಕಟ್ಟೆಯಲ್ಲಿ ಪಿವಿಸಿ ಬಂದು ಕುಳಿತಿತ್ತು. ಹೆಚ್ಚಿದ ಖರ್ಚನ್ನು ಗಿರಾಕಿಯ ಮೇಲೆ ಹಾಕಲು ಹೋದರೆ ಗಿರಾಕಿಯೇ ಕೈತಪ್ಪಿಹೋಗುವ ಕಾಲ ಅದು.

ವೆಂಕಟೇಶಮೂರ್ತಿ, ಮೈಸೂರು

ಸಿಮೆಂಟ್ ಶೀಟು ತಯಾರಿಕೆಯ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದ ಎಂಜಿನಿಯರ್ ನಾನು. ಬಸವರಾಜ ಅವರ ಮಾತಿನಲ್ಲಿ ಹುರುಳಿದೆ. ಆದರೆ ಈ ಉದ್ಯಮದಲ್ಲಿ ನೀರು ಹೇಗೆ ಹರಿಯುತ್ತದೆ ಎಂಬುದನ್ನು ನೋಡದೆ ಖರ್ಚಿನ ಮಾತನಾಡುವುದು ಸರಿಯಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಸಿಮೆಂಟ್ ಶೀಟನ್ನು ಇಂದಿಗೂ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ 1900ರ ಸುಮಾರಿಗೆ ರೂಪಿಸಿದ ಯಂತ್ರದ ಮೇಲೆಯೇ ತಯಾರಿಸುತ್ತಾರೆ. ಕಲ್ನಾರು, ಸಿಮೆಂಟು ಮತ್ತು ಬಹಳಷ್ಟು ನೀರನ್ನು ಕಲಸಿ ತೆಳುವಾದ ಗಂಜಿಯಂತೆ ಮಾಡಿ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯೊಳಗೆ ತಿರುಗುವ ಜಾಲರಿಯ ಉರುಳೆ ಅದರಿಂದ ತೆಳುವಾದ ಪೊರೆಯೊಂದನ್ನು ಎತ್ತಿಕೊಳ್ಳುತ್ತದೆ, ಆ ಪೊರೆ ಉದ್ದನೆಯ ಫೆಲ್ಟ್ ಬಟ್ಟೆಯ ಮೇಲೆ ಸಾಗಿ ದೊಡ್ಡ ಉರುಳೆಗೆ ಸುತ್ತಿಕೊಳ್ಳುತ್ತದೆ, ಬೇಕಾದಷ್ಟು ದಪ್ಪವಾದ ಮೇಲೆ ಕತ್ತರಿಸಿ ಹಾಸುತ್ತಾರೆ. ಜಾಲರಿಯಿಂದ ಇಳಿಯುವ, ನಿರ್ವಾತ ಪೆಟ್ಟಿಗೆಯಲ್ಲಿ ಹೀರಲಾಗುವ, ಫೆಲ್ಟನ್ನು ತೊಳೆದು ಬರುವ ನೀರೆಲ್ಲ ಹಾಲಿನಂತೆ ಬೆಳ್ಳಗಿರುತ್ತದೆ. ಆ ಬಿಳುಪೆಂದರೆ ಬೇರೇನೂ ಅಲ್ಲ, ದುಡ್ಡು ಕೊಟ್ಟು ತಂದ ಸಿಮೆಂಟು ಮತ್ತು ನಾರು. ಅದಕ್ಕಾಗಿಯೇ ಶಂಕುವಿನಾಕಾರದ ತೊಟ್ಟಿಯೊಂದರಲ್ಲಿ ನೀರನ್ನು ನಿಲ್ಲಿಸಿ, ತಳದಲ್ಲಿ ಕೂತ ಗಂಜಿಯನ್ನು ಮತ್ತೆ ಯಂತ್ರಕ್ಕೂ ಮೇಲಿನ ತಿಳಿಯನ್ನು ಕಲಸುವುದಕ್ಕೂ ಬಳಸುವ ಪದ್ಧತಿ ನಿಯಮಗಳು ಬರುವುದಕ್ಕೆ ಮೊದಲೇ ಇತ್ತು. ಅಂದರೆ ನಿಯಮವು ಕೇಳಿದ ಕೆಲಸದ ದೊಡ್ಡ ಭಾಗವನ್ನು ಕಾರ್ಖಾನೆಗಳು ತಮ್ಮ ಲಾಭಕ್ಕಾಗಿಯೇ ಮಾಡುತ್ತಿದ್ದವು.

ಉಳಿದ ಭಾಗ ಮಾತ್ರ ಸುಲಭದ್ದಲ್ಲ. ಸಿಮೆಂಟಿನಿಂದ ಸುಣ್ಣ ಕರಗಿ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 12ರ ಸುತ್ತಮುತ್ತ ಇರುತ್ತದೆ. ಹೊರಗೆ ಬಿಡಬೇಕಾದರೆ 6ರಿಂದ 9ರೊಳಗೆ ತರಬೇಕು. ಹೊರಗೆ ಬಿಡದೆ ಒಳಗೇ ಸುತ್ತಿಸುತ್ತ ಹೋದರೆ ಸುಣ್ಣ ಗಟ್ಟಿಯಾಗಿ ಕೊಳವೆಗಳಲ್ಲಿ, ಸಿಂಪಡಿಸುವ ನಳಿಕೆಗಳಲ್ಲಿ, ಫೆಲ್ಟಿನ ಎಳೆಗಳಲ್ಲಿ ಕೂರುತ್ತದೆ. ಫೆಲ್ಟು ಬಿರುಸಾಗಿ ನೀರು ಬಿಡುವುದನ್ನು ನಿಲ್ಲಿಸಿದಾಗ ಯಂತ್ರವನ್ನು ನಿಲ್ಲಿಸಿ ಅದನ್ನು ಬದಲಿಸಲೇಬೇಕು. ಶೂನ್ಯ ವಿಸರ್ಜನೆಯ ನಿಜವಾದ ಖರ್ಚು ತೊಟ್ಟಿಯ ಕಾಂಕ್ರೀಟಿಗಿಂತ ಹೆಚ್ಚಾಗಿ ಈ ನಿಲುಗಡೆಯ ಗಂಟೆಗಳಲ್ಲಿ ಇರುತ್ತದೆ ಎಂಬುದು ನನ್ನ ಅನುಭವ. ಕೊಳವೆಯ ಕಾರ್ಖಾನೆಯಲ್ಲಿ ಇದರ ಜೊತೆಗೆ ಒತ್ತಡ ಪರೀಕ್ಷೆಯ ನೀರು, ಹಬೆಯ ಕೋಣೆಯಿಂದ ಇಳಿಯುವ ನೀರು, ತುದಿ ಕತ್ತರಿಸುವಾಗಿನ ನೀರು ಇವೆಲ್ಲ ಸೇರುತ್ತವೆ.

ಕಾಗದದ ಕಥೆ ಬೇರೆ. ಅಲ್ಲಿ ನಾರನ್ನು ಹಿಡಿದಿಡಲು ಪಿಷ್ಟವನ್ನೋ ರಬ್ಬರಿನಂತಹ ಲೇಟೆಕ್ಸನ್ನೋ ಬಳಸುತ್ತಾರೆ. ಪಿಷ್ಟ ಬೆರೆತ ನೀರನ್ನು ಮತ್ತೆ ಮತ್ತೆ ಸುತ್ತಿಸಿದರೆ ಲೋಳೆ ಬೆಳೆಯುತ್ತದೆ, ಲೇಟೆಕ್ಸ್ ಬೆರೆತದ್ದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಕಾಗದವನ್ನು ಎರಡು ಉಪವರ್ಗಗಳಾಗಿ ಒಡೆದಿದ್ದಾರೆ. ನಿಯಮ ಬರೆದವರು ಕಾರ್ಖಾನೆಯೊಳಗೆ ಹೋಗಿ ನೋಡಿದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಬಸವರಾಜ, ದಾವಣಗೆರೆ

ವೆಂಕಟೇಶಮೂರ್ತಿ ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಆದರೆ ನಿಮ್ಮ ವಿವರಣೆಯಿಂದ ನನ್ನ ವಾದಕ್ಕೇ ಬಲ ಬಂದಿದೆ. ಮೊದಲ ತೊಂಬತ್ತು ಪಾಲು ನೀರನ್ನು ಉಳಿಸುವುದರಿಂದ ಲಾಭ ಬರುತ್ತದೆ ಎಂದಾದರೆ ಅದಕ್ಕೆ ಕಾನೂನು ಬೇಕಾಗಿರಲಿಲ್ಲ. ಕಾನೂನು ಬಂದದ್ದು ಕೊನೆಯ ಹತ್ತು ಪಾಲಿಗಾಗಿ, ಖರ್ಚೆಲ್ಲ ಇರುವುದೂ ಅಲ್ಲಿಯೇ. ಸಾಲದ್ದಕ್ಕೆ, ಕೊಳಗಳನ್ನು ತೋಡಲು ಜಾಗ ಬೇಕು. ಊರಿನ ನಡುವೆ ಸಿಕ್ಕಿಕೊಂಡ ಹಳೆಯ ಕಾರ್ಖಾನೆಗೆ ಆ ಜಾಗ ಎಲ್ಲಿಂದ ಬರಬೇಕು?

ಶ್ರೀನಿಧಿ, ನ್ಯೂಜೆರ್ಸಿ

ನಾನು ಇಲ್ಲಿ ತ್ಯಾಜ್ಯನೀರಿನ ಪರವಾನಗಿಗಳಿಗೆ ಸಂಬಂಧಿಸಿದ ಕೆಲಸ ಮಾಡುತ್ತೇನೆ. ಬಸವರಾಜ ಅವರು ಎತ್ತಿದ ಸಣ್ಣ ಘಟಕಗಳ ಪ್ರಶ್ನೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಮಿತಿಗಳನ್ನು ಲೀಟರಿಗೆ ಇಷ್ಟು ಎಂದು ಹಾಕದೆ, ಒಂದು ಟನ್ ಉತ್ಪನ್ನಕ್ಕೆ ಇಷ್ಟು ಕಿಲೋ ಎಂದು ಹಾಕಿದರು. ನೆಲಹಾಸಿನ ಟೈಲ್ಸಿಗೆ ಸಾವಿರ ಬಿಲ್ಲೆಗಳಿಗೆ ಇಷ್ಟು ಎಂಬ ಲೆಕ್ಕ. ಇದರಿಂದ ನೀರು ಬೆರೆಸಿ ತೆಳುಗೊಳಿಸಿ ಪಾರಾಗುವ ದಾರಿ ಮುಚ್ಚಿತು. ಆದರೆ ಮಿತಿಯು ಉತ್ಪಾದನೆಗೆ ಅನುಗುಣವಾಗಿ ಇಳಿದರೂ ಉಪಕರಣದ ಬೆಲೆ ಹಾಗೆ ಇಳಿಯುವುದಿಲ್ಲ ಎಂಬ ಬಸವರಾಜ ಅವರ ಮಾತು ನಿಜ. ಕಾಂಗ್ರೆಸ್ಸಿಗೂ ಅದು ಗೊತ್ತಿತ್ತು. 1972ರ ಅದೇ ಕಾಯ್ದೆಯಲ್ಲಿ ಸಣ್ಣ ಉದ್ಯಮಗಳಿಗೆ ಈ ಕೆಲಸಕ್ಕಾಗಿ ಸಾಲ ಕೊಡುವ ಅವಕಾಶವನ್ನು ಸೇರಿಸಿದ್ದರು. ಕಾನೂನಿನ ಮಾತುಗಳಲ್ಲಿಯೂ ಒಂದು ವ್ಯತ್ಯಾಸವಿದೆ. 1977ರ ಹಂತಕ್ಕೆ ಖರ್ಚನ್ನು ಅದರಿಂದ ಸಿಗುವ ಪ್ರಯೋಜನದೊಂದಿಗೆ ಹೋಲಿಸಿ ನೋಡಬೇಕಿತ್ತು, 1983ರ ಹಂತಕ್ಕೆ ಖರ್ಚನ್ನು ಗಮನಕ್ಕೆ ತೆಗೆದುಕೊಂಡರೆ ಸಾಕಿತ್ತು.

ಇದಕ್ಕಿಂತ ಮುಖ್ಯವಾದದ್ದು ನನಗೆ ಬೇರೆಯೇ ಇದೆ. ಕಲ್ನಾರು ಉದ್ಯಮಕ್ಕೆಂದೇ ಬರೆದ ಈ ನಿಯಮಗಳಲ್ಲಿ ಕಲ್ನಾರಿನ ನಾರಿಗೇ ಮಿತಿಯಿಲ್ಲ. ಅಳೆಯಬೇಕಾದದ್ದು ನೀರಿನಲ್ಲಿ ತೇಲುವ ಒಟ್ಟು ಘನಕಣಗಳು, ಪಿಎಚ್ ಮತ್ತು ಕೆಲವು ಉಪವರ್ಗಗಳಲ್ಲಿ ಸಿಒಡಿ, ಅಂದರೆ ನೀರಿನಲ್ಲಿರುವ ಕೊಳೆಗೆ ಬೇಕಾಗುವ ಆಮ್ಲಜನಕದ ಅಳತೆ, ಇಷ್ಟು ಮಾತ್ರ. ನೀರಿನಲ್ಲಿರುವ ನಾರನ್ನು ಎಣಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಅಂದಿನ ಕಾಲಕ್ಕೆ ಅದನ್ನು ಪ್ರತಿಯೊಂದು ಕಾರ್ಖಾನೆಯ ದೈನಂದಿನ ಪರೀಕ್ಷೆಯನ್ನಾಗಿ ಮಾಡುವುದು ಸಾಧ್ಯವಿರಲಿಲ್ಲ. ಸೋಸುಕಾಗದದ ಮೇಲೆ ನಿಂತದ್ದನ್ನು ಒಣಗಿಸಿ ತೂಗಿದರೆ ಮುಗಿಯುವ ಘನಕಣಗಳ ಪರೀಕ್ಷೆಯನ್ನೇ ನಾರಿನ ಪರವಾಗಿ ನಿಲ್ಲಿಸಿದರು. ಉದ್ಯಮಕ್ಕೆ ಇದರಿಂದ ಪರೀಕ್ಷೆಯ ಖರ್ಚು ಎಷ್ಟೋ ಉಳಿಯಿತು. ಆದರೆ ಅತಿ ಸಣ್ಣ ನಾರುಗಳ ತೂಕ ಎಷ್ಟು ಕಡಿಮೆಯೆಂದರೆ, ತೂಕದ ಮಿತಿಯನ್ನು ಪಾಲಿಸಿದ ನೀರಿನಲ್ಲಿಯೂ ಅವು ಅಪಾರ ಸಂಖ್ಯೆಯಲ್ಲಿ ಇರಬಹುದು.

ಅದೇ 1974ರ ಏಪ್ರಿಲ್‌ನಲ್ಲಿ ಮಿನ್ನೆಸೋಟದ ಸಿಲ್ವರ್ ಬೇಯಲ್ಲಿ ಇನ್ನೊಂದು ಪ್ರಕರಣ ನಡೆಯುತ್ತಿತ್ತು. ರಿಸರ್ವ್ ಮೈನಿಂಗ್ ಕಂಪನಿ ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಉಳಿದ ಅದಿರಿನ ಪುಡಿಯನ್ನು ದಿನಕ್ಕೆ 67,000 ಟನ್ನಿನಂತೆ ಸುಪೀರಿಯರ್ ಸರೋವರಕ್ಕೆ ಸುರಿಯುತ್ತಿತ್ತು. ಅದರಲ್ಲಿದ್ದ ಕಲ್ನಾರಿನಂತಹ ನಾರುಗಳು ಡುಲುತ್ ನಗರದ ಕುಡಿಯುವ ನೀರಿನಲ್ಲಿ ಕಂಡುಬಂದವು. ನ್ಯಾಯಾಧೀಶ ಮೈಲ್ಸ್ ಲಾರ್ಡ್ ಏಪ್ರಿಲ್ 20ರಂದು ಕಾರ್ಖಾನೆಯನ್ನೇ ಮುಚ್ಚಿಸಿದರು, ಮೇಲಿನ ನ್ಯಾಯಾಲಯ ಎರಡೇ ದಿನಗಳಲ್ಲಿ ಆ ಆದೇಶಕ್ಕೆ ತಡೆ ನೀಡಿತು. ಕೊನೆಗೆ ಕಂಪನಿ ನೆಲದ ಮೇಲೆ ಸುರಿಯುವ ವ್ಯವಸ್ಥೆಗೆ ಬದಲಾದದ್ದು 1980ರಲ್ಲಿ. ಅದು ಕಲ್ನಾರು ಉತ್ಪನ್ನಗಳ ಕಾರ್ಖಾನೆಯಲ್ಲ, ಗಣಿ ಕಂಪನಿ ಎಂಬುದನ್ನು ಮರೆಯಬಾರದು. ಆದರೂ ಹೇಳುತ್ತಿರುವುದು ಏಕೆಂದರೆ, ಆ ನಡುವಿನ ವರ್ಷಗಳಲ್ಲಿ ಸೋಸುವ ಘಟಕವನ್ನು ಕಟ್ಟಬೇಕಾಗಿ ಬಂದದ್ದು ಡುಲುತ್ ನಗರ. ನಿಯಮ ತಡವಾದಾಗಲೂ ಖರ್ಚು ಆಗಿಯೇ ಆಗುತ್ತದೆ. ಅದನ್ನು ಬೇರೆಯವರು ತೆರುತ್ತಾರೆ, ಅಷ್ಟೇ.

ಡಾ. ಶಾಂತಲಾ, ಮಂಗಳೂರು

ಔದ್ಯೋಗಿಕ ಆರೋಗ್ಯದ ವೈದ್ಯೆಯಾಗಿ ಒಂದು ಸ್ಪಷ್ಟನೆ ನೀಡಬೇಕಾಗಿದೆ. ಉಸಿರಿನ ಮೂಲಕ ಒಳಹೋದ ಕಲ್ನಾರು ಶ್ವಾಸಕೋಶದ ಕ್ಯಾನ್ಸರ್, ಮೀಸೊಥೀಲಿಯೋಮ ಎಂಬ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಮತ್ತು ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್ ತರುತ್ತದೆ ಎಂಬುದರಲ್ಲಿ ಯಾವ ಸಂದೇಹವೂ ಇಲ್ಲ. ಕುಡಿದ ನಾರಿನ ಬಗ್ಗೆ ಸಾಕ್ಷ್ಯ ಅಷ್ಟು ಬಲವಾಗಿಲ್ಲ. ಅಮೆರಿಕವು 1991ರಲ್ಲಿ ಕುಡಿಯುವ ನೀರಿಗೆ ನಿಗದಿಪಡಿಸಿದ ಮಿತಿ, 10 ಮೈಕ್ರೋಮೀಟರಿಗಿಂತ ಉದ್ದವಾದ ನಾರುಗಳು ಲೀಟರಿಗೆ 70 ಲಕ್ಷ ಎಂಬುದು, ಗಂಡು ಇಲಿಗಳ ಕರುಳಿನಲ್ಲಿ ಕಂಡುಬಂದ ಗಡ್ಡೆಗಳನ್ನು ಆಧರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ಕಲ್ನಾರಿಗೆ ಮಿತಿಯನ್ನೇ ನಿಗದಿಪಡಿಸಿಲ್ಲ. ಹಾಗಾದರೆ ನೀರಿನ ನಿಯಮವೇ ಅನವಶ್ಯಕವಾಗಿತ್ತೇ ಎಂದು ಬಸವರಾಜ ಅವರು ಕೇಳಬಹುದು, ಕೇಳುವುದು ನ್ಯಾಯವೂ ಹೌದು.

ನನ್ನ ಉತ್ತರ ಹೀಗಿದೆ. ನೀರಿನಲ್ಲಿರುವ ನಾರು ನೀರಿನಲ್ಲೇ ಉಳಿಯುವುದಿಲ್ಲ. ಹೊಳೆಯ ದಂಡೆಯಲ್ಲಿ, ಕೊಳದ ಅಂಚಿನಲ್ಲಿ ಕೆಸರು ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟು ಪುಡಿಯಾದ ಕೂಡಲೇ ಅದು ಗಾಳಿಯ ಸಮಸ್ಯೆಯಾಗುತ್ತದೆ. ಸಂಸ್ಕರಣಾ ಘಟಕದಲ್ಲಿ ಹಿಡಿದ ಕೆಸರನ್ನು ಸಲಿಕೆಯಿಂದ ಎತ್ತಿ ಟ್ರ್ಯಾಕ್ಟರಿಗೆ ತುಂಬುವ ಕಾರ್ಮಿಕನಿಗೆ ಅದು ಅಂದೇ ಗಾಳಿಯ ಸಮಸ್ಯೆ. ಒದ್ದೆಯಾಗಿದ್ದಾಗ ನಿರಪಾಯ ಎಂಬ ಭಾವನೆಯಿಂದ ಮುಖವಾಡವನ್ನೂ ಕೊಡದೆ ಈ ಕೆಲಸ ಮಾಡಿಸುವುದನ್ನು ನಾನು ನೋಡಿದ್ದೇನೆ. ಕಾಯಿಲೆ ಕಾಣಿಸಿಕೊಳ್ಳಲು 20ರಿಂದ 40 ವರ್ಷಗಳು ಬೇಕಾಗುವುದರಿಂದ ಆ ಖರ್ಚು ಯಾವ ವರ್ಷದ ಜಮಾಖರ್ಚಿನಲ್ಲಿಯೂ ಬರುವುದಿಲ್ಲ.

ಸುಮಂಗಲಾ, ಧಾರವಾಡ

ಡಾಕ್ಟರ್ ಹೇಳಿದ ಕೆಸರಿನ ವಿಷಯವೇ ನನ್ನ ವಾದದ ತಿರುಳು. ಮೊದಲು ನಿಯಮಗಳು ಬಾಗಿಲು ಮುಚ್ಚಿಸಿದವು ಎಂಬ ಮಾತಿಗೆ ಉತ್ತರಿಸುತ್ತೇನೆ. ಅಮೆರಿಕದಲ್ಲಿ ಕಲ್ನಾರಿನ ಬಳಕೆ ಉತ್ತುಂಗಕ್ಕೇರಿದ್ದು 1973ರಲ್ಲಿ, ಸುಮಾರು 8 ಲಕ್ಷ ಟನ್. ಅದರ ಮರುವರ್ಷವೇ ನೀರಿನ ನಿಯಮ ಬಂದಿತು, ಬಳಿಕ ಬಳಕೆ ಇಳಿಯುತ್ತ ಹೋಯಿತು. ದಿನಾಂಕಗಳನ್ನು ಮಾತ್ರ ನೋಡಿದವರಿಗೆ ಒಂದು ಇನ್ನೊಂದಕ್ಕೆ ಕಾರಣವೆಂದು ಕಾಣುವುದು ಸಹಜ. ಆದರೆ ಅದೇ ಅವಧಿಯಲ್ಲಿ ಇನ್ನೇನೇನು ಬಂದವು ನೋಡಿ. ಕಾರ್ಖಾನೆಯೊಳಗಿನ ಗಾಳಿಯಲ್ಲಿ ಘನ ಸೆಂಟಿಮೀಟರಿಗೆ 5 ನಾರು ಎಂದಿದ್ದ ಮಿತಿ 1976ರಲ್ಲಿ 2ಕ್ಕೆ ಇಳಿಯಿತು. 1973ರ ಏಪ್ರಿಲ್‌ನಲ್ಲಿ ಹೊಗೆಕೊಳವೆಗಳಿಂದ ಕಣ್ಣಿಗೆ ಕಾಣುವ ಧೂಳು ಬರಬಾರದೆಂಬ ವಾಯು ನಿಯಮ ಬಂದಿತು. ಅದೇ 1973ರಲ್ಲಿ, ಉಷ್ಣನಿರೋಧಕದ ಕೆಲಸಗಾರ ಕ್ಲಾರೆನ್ಸ್ ಬೊರೆಲ್ ಅವರ ಪ್ರಕರಣದಲ್ಲಿ, ಅಪಾಯವನ್ನು ತಿಳಿಸದೆ ಮಾಲು ಮಾರಿದ ತಯಾರಕರು ನಷ್ಟ ಕೊಡಬೇಕೆಂದು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿಂದ ಶುರುವಾದ ದಾವೆಗಳ ಪ್ರವಾಹದಲ್ಲಿ ಉದ್ಯಮದ ಅತಿದೊಡ್ಡ ಕಂಪನಿ, ಆ ಹೊತ್ತಿಗೆ ಮ್ಯಾನ್‌ವಿಲ್ ಎಂದು ಹೆಸರು ಬದಲಿಸಿಕೊಂಡಿದ್ದ ಜಾನ್ಸ್-ಮ್ಯಾನ್‌ವಿಲ್, 1982ರ ಆಗಸ್ಟ್ 26ರಂದು ದಿವಾಳಿ ರಕ್ಷಣೆಯನ್ನು ಕೋರಿತು. ಅದು ಶರಣಾದದ್ದು ಕಾರ್ಮಿಕರ ದಾವೆಗಳಿಗೆ. ಆ ಮೊತ್ತಗಳ ಎದುರು ತೊಟ್ಟಿ ಮತ್ತು ಪಂಪಿನ ಖರ್ಚು ಗಣನೆಗೇ ಬರುವಂಥದ್ದಲ್ಲ.

ಇನ್ನು ಕೆಸರಿನ ಮಾತು. ನೀರನ್ನು ಹೊರಗೆ ಬಿಡಬಾರದು ಎಂದ ನಿಯಮ, ನೀರಿನಿಂದ ತೆಗೆದದ್ದನ್ನು ಎಲ್ಲಿಡಬೇಕು ಎಂದು ಹೇಳಲಿಲ್ಲ. ಇಲಿನಾಯ್‌ನ ವಾಕೀಗನ್‌ನಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲಿದ್ದ ಜಾನ್ಸ್-ಮ್ಯಾನ್‌ವಿಲ್ ಕಾರ್ಖಾನೆಯ ತ್ಯಾಜ್ಯದ ರಾಶಿ ಮತ್ತು ನೆಲೆಗೊಳಿಸುವ ಕೊಳಗಳಿದ್ದ ಪ್ರದೇಶವನ್ನು 1983ರಲ್ಲಿ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಸರ್ಕಾರದ ಉಸ್ತುವಾರಿಯಲ್ಲಿ ಶುಚಿಗೊಳಿಸಬೇಕಾದ ವಿಷಪೂರಿತ ಜಾಗಗಳ ಪಟ್ಟಿಗೆ ಸೇರಿಸಿದರು. ಪೆನ್ಸಿಲ್ವೇನಿಯದ ಆಂಬ್ಲರ್ ಪಟ್ಟಣದಲ್ಲಿ ದಶಕಗಳಿಂದ ಬೆಳೆದ ಕಲ್ನಾರು ತ್ಯಾಜ್ಯದ ದಿಬ್ಬಗಳನ್ನು ಜನ ಬಿಳಿ ಬೆಟ್ಟಗಳೆಂದೇ ಕರೆಯುತ್ತಿದ್ದರು. ಅದು 1986ರಲ್ಲಿ ಪಟ್ಟಿಗೆ ಸೇರಿತು, ಅದರ ಕೊನೆಯ ಮಾಲೀಕ ನಿಕೊಲೆಟ್ ಕಂಪನಿ 1987ರಲ್ಲಿ ದಿವಾಳಿಯಾಯಿತು. ಆ ದಿಬ್ಬಗಳೆಲ್ಲ ನೀರಿನ ನಿಯಮದಿಂದ ಆದವು ಎಂದು ನಾನು ಹೇಳುತ್ತಿಲ್ಲ, ಹೆಚ್ಚಿನ ಭಾಗ ನಿಯಮಕ್ಕಿಂತ ಬಹಳ ಹಳೆಯದು. ಖರ್ಚಿನ ಲೆಕ್ಕ ಹಾಕುವವರ ಕಣ್ಣೆದುರಿಗೆ ಇಂತಹ ದಿಬ್ಬಗಳಿದ್ದಾಗಲೂ ಅವು ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ ಎಂಬುದು ನನ್ನ ಆಕ್ಷೇಪ.

ಬಸವರಾಜ, ದಾವಣಗೆರೆ

ಮೇಡಂ, ದೊಡ್ಡ ಕಂಪನಿಯನ್ನು ದಾವೆಗಳು ಉರುಳಿಸಿದವು ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಒಟ್ಟು ಬಳಕೆಯ ಅಂಕಿಯಿಂದ ಒಂದು ಸಣ್ಣ ಕಾಗದದ ಗಿರಣಿಯ ಹಣೆಬರಹ ತಿಳಿಯುವುದಿಲ್ಲ. ಅಲ್ಲಿ ಕೆಲಸ ಕಳೆದುಕೊಂಡ ನಲವತ್ತು ಜನರಿಗೆ, ನಿಮ್ಮ ಕೆಲಸ ಕಸಿದದ್ದು ನೀರಿನ ನಿಯಮವೊಂದೇ ಅಲ್ಲ, ನೀರು, ಗಾಳಿ, ದಾವೆ ಮೂರೂ ಸೇರಿ ಎಂದು ವಿವರಿಸಿದರೆ ಸಮಾಧಾನವಾಗುತ್ತದೆಯೇ? ನಿಯಮಗಳು ಒಂದೊಂದಾಗಿ ಬರುತ್ತವೆ, ಪ್ರತಿಯೊಂದರ ಪರಿಣಾಮ ವರದಿಯೂ ತನ್ನ ಹೊರೆ ಚಿಕ್ಕದು ಎನ್ನುತ್ತದೆ, ಆದರೆ ಎಲ್ಲವನ್ನೂ ಹೊರುವ ಬೆನ್ನು ಒಂದೇ.

ಪ್ರಯೋಜನದ ಲೆಕ್ಕವನ್ನು ಎಲ್ಲಿಯವರೆಗೆ ಬೇಕಾದರೂ ಎಳೆಯಬಹುದು ಎಂಬುದಕ್ಕೂ ಮಿತಿಯಿರಬೇಕು. 1989ರಲ್ಲಿ ಅದೇ ಪರಿಸರ ಸಂರಕ್ಷಣಾ ಸಂಸ್ಥೆ ಕಲ್ನಾರಿನ ಬಹುಪಾಲು ಉತ್ಪನ್ನಗಳನ್ನು ನಿಷೇಧಿಸಿದಾಗ, 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಅದರ ಮುಖ್ಯ ಭಾಗವನ್ನು ರದ್ದುಪಡಿಸಿತು. ಕೊಳವೆ, ಚಾವಣಿಯ ಬಿಲ್ಲೆ ಮತ್ತು ಲೇಪನಗಳ ನಿಷೇಧದಲ್ಲಿ 13 ವರ್ಷಗಳಲ್ಲಿ ಸುಮಾರು 7 ಜೀವಗಳನ್ನು ಉಳಿಸಲು 20ರಿಂದ 30 ಕೋಟಿ ಡಾಲರ್ ಖರ್ಚಾಗುತ್ತದೆ ಎಂಬ ಲೆಕ್ಕವನ್ನೇ ನ್ಯಾಯಾಲಯ ಪ್ರಶ್ನಿಸಿತ್ತು.

ಡಾ. ಶಾಂತಲಾ, ಮಂಗಳೂರು

ಆ ಲೆಕ್ಕದಲ್ಲಿ ಮುಂದಿನ ಕೆಲವೇ ವರ್ಷಗಳ ಪ್ರಯೋಜನಕ್ಕೆ ಹಣದ ಬೆಲೆ ಕಟ್ಟಲಾಗಿತ್ತು. 40 ವರ್ಷ ತಡವಾಗಿ ಬರುವ ಕಾಯಿಲೆಗೆ 13 ವರ್ಷಗಳ ಅಳತೆಕೋಲು ಹಿಡಿದರೆ ಸಿಗುವ ಉತ್ತರ ನಂಬಲರ್ಹವಲ್ಲ ಎಂಬುದಷ್ಟೇ ವೈದ್ಯೆಯಾಗಿ ನನ್ನ ಅಭಿಪ್ರಾಯ. ಅಂದು ರದ್ದಾದದ್ದು ಬೇರೆ ರೂಪದಲ್ಲಿ ಮತ್ತೆ ಬಂದಿದೆ: ಬಿಳಿ ಕಲ್ನಾರಿನ ಮುಂದುವರಿದಿರುವ ಬಳಕೆಗಳನ್ನು ನಿಷೇಧಿಸುವ ಅಂತಿಮ ನಿಯಮವನ್ನು ಅಮೆರಿಕ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಅಷ್ಟು ಹೊತ್ತಿಗೆ ಅಲ್ಲಿ ಶೀಟು, ಕೊಳವೆ ತಯಾರಿಸುವವರು ಯಾರೂ ಉಳಿದಿರಲಿಲ್ಲ.

ವೆಂಕಟೇಶಮೂರ್ತಿ, ಮೈಸೂರು

ಇದೇ ಪ್ರಶ್ನೆ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಅಮೆರಿಕದ ಆ ನಿಯಮ ಬಂದ 1974ರಲ್ಲಿಯೇ ನಮ್ಮ ಜಲ ಕಾಯ್ದೆಯೂ ಬಂದಿತು, ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ವರ್ಷ ಸ್ಥಾಪನೆಯಾಯಿತು. ಹೊಳೆನರಸೀಪುರದ ಸುತ್ತಮುತ್ತ ಹಿಂದೆ ಕಲ್ನಾರನ್ನು ತೆಗೆಯುತ್ತಿದ್ದರು. ಇಂದು ನಮ್ಮ ದೇಶದ ಕಾರ್ಖಾನೆಗಳು ಬಳಸುವ ನಾರು ಬಹುತೇಕ ಹೊರದೇಶದ್ದು, ಮುಖ್ಯವಾಗಿ ರಷ್ಯಾ, ಕಜಾಕಿಸ್ತಾನ ಮತ್ತು ಬ್ರೆಜಿಲ್‌ನಿಂದ ಬರುತ್ತದೆ. ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪ್ರಕಾರ ಹೊಸ ಘಟಕ ಆರಂಭಿಸಲು ಮುಂಚಿತವಾಗಿ ಪರಿಸರ ಅನುಮತಿ ಬೇಕು, ಆ ಅನುಮತಿಗಳಲ್ಲಿ ಶೂನ್ಯ ವಿಸರ್ಜನೆಯ ಷರತ್ತು ಸಾಮಾನ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರು ಇರುವ ಉಳಿಕೆಗಳು ಸೇರಿವೆ. ಕಾಗದದ ಮೇಲೆ ನಾವು 1983ರ ಅಮೆರಿಕಕ್ಕಿಂತ ಮುಂದಿದ್ದೇವೆ, ಏಕೆಂದರೆ ನೀರು ಮತ್ತು ಕೆಸರು ಎರಡನ್ನೂ ಹಿಡಿದಿದ್ದೇವೆ.

ಖರ್ಚಿನ ವಿಚಾರ ಹೇಳುವುದಾದರೆ, ನಮ್ಮಲ್ಲಿ ಮುರಿದ ಶೀಟನ್ನೂ ತೊಟ್ಟಿಯ ತಳದ ಗಂಜಿಯನ್ನೂ ರುಬ್ಬಿ ಮತ್ತೆ ಯಂತ್ರಕ್ಕೆ ಹಾಕುವುದು ರೂಢಿ. ಹೀಗೆ ಮರಳಿ ಹಾಕುವುದಕ್ಕೆ ಗುಣಮಟ್ಟದ ಮಿತಿಯಿದೆ. ಗಟ್ಟಿಯಾದ ಸಿಮೆಂಟಿನ ಪುಡಿ ಮತ್ತೆ ಅಂಟುವುದಿಲ್ಲ, ಹೆಚ್ಚಾದರೆ ಶೀಟಿನ ಬಲ ಕುಂದುತ್ತದೆ. ಮಿಕ್ಕದ್ದು ಕಾಂಪೌಂಡಿನ ಮೂಲೆಯಲ್ಲಿ ಉಳಿಯುತ್ತದೆ. ಈ ಶೀಟನ್ನು ಕೊಳ್ಳುವವರು ಗುಡಿಸಲಿನ ಬದಲು ಗಟ್ಟಿ ಸೂರು ಬಯಸುವ ಬಡವರು, ಕೋಳಿಫಾರಂ ನಡೆಸುವವರು, ಗೋದಾಮಿನವರು. ಒಂದು ಶೀಟಿಗೆ ಹತ್ತು ರೂಪಾಯಿ ಏರಿದರೂ ಚೌಕಾಸಿಗೆ ನಿಲ್ಲುವ ಗಿರಾಕಿಗಳಿವರು. ಹಾಗಾಗಿ ಬೆಲೆಯನ್ನು ಏರಿಸಲಾಗದು ಎಂಬ ಬಸವರಾಜ ಅವರ ಮಾತನ್ನು ಉತ್ಪ್ರೇಕ್ಷೆ ಎನ್ನಲಾರೆ. ಕಲ್ನಾರಿನ ಬದಲು ಪಿವಿಎ ಎಂಬ ಕೃತಕ ನಾರು ಬಳಸಿ ಇದೇ ಯಂತ್ರದಲ್ಲಿ ಶೀಟು ತಯಾರಿಸುವ ಕಾರ್ಖಾನೆಗಳು ನಮ್ಮಲ್ಲಿಯೂ ಇವೆ. ಸದ್ಯಕ್ಕೆ ಅದರ ಬೆಲೆ ಹೆಚ್ಚು.

ಸುಮಂಗಲಾ, ಧಾರವಾಡ

ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಗಿರಾಕಿಯೇ ಇಪ್ಪತ್ತು ವರ್ಷಗಳ ಬಳಿಕ ಒಡೆದ ಶೀಟನ್ನು ರಸ್ತೆಯ ಬದಿಗೆ ಎಸೆಯುತ್ತಾನೆ. ಆ ವಿಲೇವಾರಿಯ ಖರ್ಚು ಇಂದಿನ ಬೆಲೆಯಲ್ಲಿ ಸೇರಿಲ್ಲ ಎಂದರೆ, ಶೀಟು ನಿಜಕ್ಕೂ ಅಗ್ಗವಲ್ಲ. ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷಗಳವರೆಗೆ ಅಥವಾ ಕೆಲಸ ಬಿಟ್ಟ ಬಳಿಕ 15 ವರ್ಷಗಳವರೆಗೆ, ಯಾವುದು ತಡವೋ ಅಲ್ಲಿಯವರೆಗೆ, ಇಡಬೇಕೆಂದು ಆದೇಶಿಸಿತು. ಮನುಷ್ಯರ ದೇಹಕ್ಕೆ 40 ವರ್ಷಗಳ ಲೆಕ್ಕ ಇಡಬೇಕೆಂದು ಒಪ್ಪಿರುವಾಗ, ಕಾಂಪೌಂಡಿನ ಮೂಲೆಯಲ್ಲಿರುವ ಕೆಸರಿಗೂ ಅಷ್ಟೇ ಅವಧಿಯ ಲೆಕ್ಕ ಇರಬೇಕು ಎಂಬುದು ನನ್ನ ಬೇಡಿಕೆ. ಮಂಡಳಿಯ ಅನುಮತಿಯನ್ನು ನವೀಕರಿಸುವಾಗಲೆಲ್ಲ ಎಷ್ಟು ಟನ್ ಕೆಸರು ಹಿಡಿದಿರಿ, ಎಷ್ಟನ್ನು ಯಂತ್ರಕ್ಕೆ ಮರಳಿಸಿದಿರಿ, ಉಳಿದದ್ದು ಎಲ್ಲಿದೆ ಎಂದು ಕೇಳಬೇಕು, ಉಳಿದ ಪ್ರತಿ ಟನ್ನಿಗೆ ಕಾರ್ಖಾನೆ ಮುಚ್ಚಿದರೂ ಕೈಗೆ ಸಿಗುವಂತೆ ಠೇವಣಿ ಇಡಿಸಬೇಕು. ಆಂಬ್ಲರ್‌ನಲ್ಲಿ ಇದ್ದಿದ್ದರೆ ಉಪಯೋಗಕ್ಕೆ ಬರುತ್ತಿದ್ದದ್ದು ಅಂತಹ ಠೇವಣಿಯೇ.

ಬಸವರಾಜ, ದಾವಣಗೆರೆ

ಠೇವಣಿಯ ವಿಚಾರವನ್ನು ನಾನು ತಳ್ಳಿಹಾಕುವುದಿಲ್ಲ. ತೊಟ್ಟಿಯಂತಲ್ಲದೆ, ಟನ್ನಿಗೆ ಇಷ್ಟು ಎಂಬ ಹಣ ಸಣ್ಣವನಿಗೆ ಸಣ್ಣದಾಗಿಯೇ ಬೀಳುತ್ತದೆ, ಕೆಸರು ಕಡಿಮೆ ಮಾಡಿದವನಿಗೆ ಉಳಿತಾಯವೂ ಆಗುತ್ತದೆ. ನನ್ನ ಷರತ್ತು ಎರಡು. ಹಣವನ್ನು ಕಾರ್ಖಾನೆಯ ಹೆಸರಿನಲ್ಲಿ ಬಡ್ಡಿ ಬರುವ ಖಾತೆಯಲ್ಲಿಡಬೇಕು, ಕೆಸರನ್ನು ಸರಿಯಾಗಿ ವಿಲೇವಾರಿ ಮಾಡಿದ ದಾಖಲೆ ಒದಗಿಸಿದ ತಿಂಗಳೊಳಗೆ ಅಷ್ಟು ಪಾಲು ಹಿಂತಿರುಗಿಸಬೇಕು. ಸರ್ಕಾರದ ಸಾಮಾನ್ಯ ಖಾತೆಗೆ ಹೋದ ಹಣ ಮರಳಿ ಬರುವುದನ್ನು ನಮ್ಮಂತಹ ಸಣ್ಣವರು ಕಂಡದ್ದು ಅಪರೂಪ.

ಶ್ರೀನಿಧಿ, ನ್ಯೂಜೆರ್ಸಿ

ಅದಕ್ಕೆ ಇಲ್ಲಿ ಮಾದರಿಯಿದೆ. ಅಪಾಯಕಾರಿ ತ್ಯಾಜ್ಯವನ್ನು ಸಂಗ್ರಹಿಸುವ ಘಟಕಗಳು ಮುಚ್ಚುವ ಖರ್ಚಿಗಾಗಿ ಟ್ರಸ್ಟ್ ನಿಧಿ, ಬಾಂಡ್ ಅಥವಾ ವಿಮೆಯ ರೂಪದಲ್ಲಿ ಖಾತರಿ ನೀಡಲೇಬೇಕು. ಹಣ ಸರ್ಕಾರದ ಬೊಕ್ಕಸಕ್ಕೆ ಸೇರುವುದಿಲ್ಲ. ಸುಮಂಗಲಾ ಅವರು ಒಪ್ಪಿದರೆ ಆ ಷರತ್ತುಗಳ ಸಾರಾಂಶವನ್ನು ಕನ್ನಡದಲ್ಲಿ ಬರೆದು ಇಲ್ಲಿಯೇ ಹಾಕುತ್ತೇನೆ. ವೆಂಕಟೇಶಮೂರ್ತಿ ಸರ್ ಅವರು ಒಂದು ಶೀಟು ಕಾರ್ಖಾನೆಯ ಕೆಸರಿನ ಅಂದಾಜು ಪ್ರಮಾಣವನ್ನು ಒದಗಿಸಿದರೆ, ಒಂದು ಶೀಟಿನ ಬೆಲೆಯ ಮೇಲೆ ಅದು ಎಷ್ಟು ಬೀಳುತ್ತದೆ ಎಂಬುದನ್ನು ನಾವೇ ಲೆಕ್ಕಹಾಕಿ ನೋಡಬಹುದು.